ಮನೆಯವರೇ ಸಹಿ ಹಾಕಿದ ಮೇಲೆ

ಶಿಕಾರಿಪುರ
12 ನವೆಂಬರ್ 2024

ಯಂತ್ರ ಖರೀದಿ ಸಮಿತಿಯ ವಿಷಯತಜ್ಞರೂ, ಸೊರಬದ ಕಾಲೇಜಿನ ಎಲೆಕ್ಟ್ರಾನಿಕ್ಸ್ ಉಪನ್ಯಾಸಕರೂ, ಕಾಗದಪತ್ರದ ಪ್ರಕಾರ ನನ್ನ ಪತಿಯೂ ಆದ ಶ್ರೀ ಉದಯ ಅವರಿಗೆ,

ನಮಸ್ಕಾರ.

ಇದನ್ನು ನೋಡಿ ನಿಮಗೆ ನಗು ಬಂದರೆ ದಯವಿಟ್ಟು ನಗಬೇಡಿ. ಸಭೆಯ ದಿನದಿಂದ ನನ್ನ ಮುಖದಲ್ಲಿ ನಗು ಇಲ್ಲ. ಫೋನು ಮಾಡಬಹುದಿತ್ತು. ಮಾಡಿದರೆ ನೀವು ‘ಆಯ್ತು, ಆಯ್ತು’ ಎನ್ನುತ್ತೀರಿ. ವಾಟ್ಸಾಪಿನಲ್ಲಿ ಬರೆದರೆ ಕೈಮುಗಿದ ಚಿತ್ರ ಕಳಿಸುತ್ತೀರಿ. ಕಾಗದದ ಮುಂದೆ ಅದೆರಡೂ ನಡೆಯುವುದಿಲ್ಲ, ಕೂತು ಓದಲೇಬೇಕು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಯಂತ್ರದ ವಿಷಯ ಮಾತ್ರ. ನಾನು ಸೊರಬ ಬಿಟ್ಟು ಇಲ್ಲಿ ರೂಮು ಮಾಡಿಕೊಂಡು ವರ್ಷವಾಯಿತಲ್ಲ, ಆ ಮಾತನ್ನು ನಾನು ಎತ್ತುವುದಿಲ್ಲ.

ನಮ್ಮ ಲ್ಯಾಬಿಗೆ ಸರ್ಕ್ಯೂಟ್ ಬೋರ್ಡ್ ಮಾಡುವ ಯಂತ್ರ ಯಾಕೆ ಬೇಕು ಎಂದು ನಿಮಗೆ ಪಾಠ ಹೇಳುವ ಅಗತ್ಯ ಇರಲಿಲ್ಲ. ಆದರೆ ಸಭೆಯಲ್ಲಿ ನೀವು ಎಲ್ಲ ಮರೆತವರ ಹಾಗೆ ಕೂತಿದ್ದಿರಿ, ಅದಕ್ಕೇ ಹೇಳುತ್ತೇನೆ. ಈಸೂರಿನ ಶೃತಿ ಮತ್ತು ಅವಳ ಜೊತೆಯ ಹುಡುಗಿಯರು ಮೆಕ್ಕೆಜೋಳದ ತೇವ ಅಳೆಯುವ ಮೀಟರ್ ಮಾಡುತ್ತಿದ್ದಾರೆ. ಶಿರಾಳಕೊಪ್ಪದಲ್ಲಿ ವ್ಯಾಪಾರಿ ಒಂದು ಕಾಳು ಬಾಯಿಗೆ ಹಾಕಿ ಕಡಿದು ‘ಇನ್ನೂ ಹಸಿ ಐತಿ’ ಎಂದರೆ ಮುಗಿಯಿತು, ಅವನು ಹೇಳಿದ್ದೇ ದರ. ಶೃತಿಯ ತಂದೆ ಪ್ರತಿ ಸುಗ್ಗಿಯಲ್ಲೂ ಆ ಹಲ್ಲಿನ ತೀರ್ಪಿಗೆ ತಲೆಬಾಗಿ ಬರುತ್ತಾರೆ. ಕೈಯಲ್ಲಿ ಮೀಟರ್ ಇದ್ದರೆ ಎದುರು ಮಾತಾಡಬಹುದು ಎಂಬುದು ಆ ಹುಡುಗಿಯ ಹಟ.

ಅದರ ಬೋರ್ಡಿನ ನಕ್ಷೆ ಬರೆದು ನಾವು ಬೆಂಗಳೂರಿಗೆ ಕಳಿಸುತ್ತೇವೆ. ಅದು ತಯಾರಾಗಿ ಬರುವಷ್ಟರಲ್ಲಿ ಹುಡುಗಿಯರಿಗೆ ತಾವು ಏನು ಬರೆದಿದ್ದೆವು ಎಂಬುದೇ ಮರೆತಿರುತ್ತದೆ. ಜೋಡಿಸಿ ನೋಡಿದರೆ ಎಲ್ಲೋ ಒಂದು ಗೆರೆ ತಪ್ಪಿರುತ್ತದೆ. ತಿದ್ದಿ ಮತ್ತೆ ಕಳಿಸು, ಮತ್ತೆ ಕಾಯಿ. ಹಿಂದಿನ ಬ್ಯಾಚಿನವರ ಬೋರ್ಡು ಅವರು ಪರೀಕ್ಷೆ ಬರೆದು ಹೋದ ಮೇಲೆ ಬಂತು. ನನಗೆ ಯಂತ್ರ ಬೇಕಾಗಿರುವುದು ಶೋಕಿಗಲ್ಲ. ನನ್ನ ಹುಡುಗಿಯರು ಬೆಳಗ್ಗೆ ತಪ್ಪು ಮಾಡಿ ಸಂಜೆಯೊಳಗೆ ತಿದ್ದಿಕೊಳ್ಳಲಿ ಎಂದು. ತಪ್ಪು ಮಾಡುವುದಕ್ಕೆ ಒಂದು ಜಾಗ ಬೇಕು, ಅಷ್ಟೇ. ಇದನ್ನೆಲ್ಲ ಸಭೆಯ ಹಿಂದಿನ ದಿನ ಫೋನಿನಲ್ಲಿ ನಿಮಗೆ ಬಿಡಿಸಿ ಬಿಡಿಸಿ ಹೇಳಿದ್ದೆ. ‘ಆಯ್ತು’ ಎಂದಿರಿ.

ಸಭೆಯ ದಿನ ತೋರಿಸಲು ಬಂದದ್ದು ಎರಡು ಯಂತ್ರ. ಎರಡರ ಕೆಲಸವೂ ಒಂದೇ: ತಾಮ್ರ ಹೊದಿಸಿದ ಹಲಗೆಯ ಮೇಲೆ ಸೂಜಿಯಂಥ ಬಿಟ್ ತಿರುಗಿಸಿ, ಬೇಡದ ತಾಮ್ರ ಕೆರೆದು, ಬೇಕಾದ ಗೆರೆ ಉಳಿಸುವುದು, ತೂತು ಕೊರೆಯುವುದು. ಒಂದಕ್ಕೆ ಗಾಜಿನ ಬಾಗಿಲು, ಒಳಗೆ ನೀಲಿ ದೀಪ, ಮುಂದೆ ಟಚ್ ಸ್ಕ್ರೀನು. ಇನ್ನೊಂದು ಬೂದು ಬಣ್ಣದ ತಗಡಿನ ಡಬ್ಬ, ನೋಡಿದರೆ ಹಳೆಯ ಹಿಟ್ಟಿನ ಗಿರಣಿಯ ಮರಿಯಂತಿತ್ತು. ಆದರೆ ಧೂಳು ಹೀರುವ ವ್ಯವಸ್ಥೆ ಆ ಡಬ್ಬದ ಒಳಗೇ ಇತ್ತು. ಬಿಟ್ ಮುರಿದರೆ ಯಾವ ಅಂಗಡಿಯದನ್ನಾದರೂ ಹಾಕಬಹುದಿತ್ತು. ಎಲ್ಲಕ್ಕಿಂತ ಮುಖ್ಯ, ಹಲಗೆಯನ್ನು ತಿರುವಿ ಹಾಕಿದಾಗ ಹಿಂದಿನ ಗೆರೆ ಮುಂದಿನ ತೂತಿಗೆ ಸರಿಯಾಗಿ ಕೂಡುವಂತೆ ಅದು ತಾನೇ ನೋಡಿಕೊಳ್ಳುತ್ತಿತ್ತು. ಶೃತಿಯ ಬೋರ್ಡು ಎರಡು ಬದಿಯದ್ದು. ಗಾಜಿನ ಯಂತ್ರದಲ್ಲಿ ತಿರುವಿ ಹಾಕಿದರೆ ಕಣ್ಣಂದಾಜು. ಧೂಳಿನ ಬಗ್ಗೆ ಕೇಳಿದೆ. ಗಾಜಿನ ನಾರಿನ ಧೂಳು ಅದು, ಎದೆಗೆ ಇಳಿದರೆ ಇಳಿದದ್ದೇ. ಗಾಜಿನ ಯಂತ್ರದ ಕಂಪನಿಯವನು ‘ಕಿಟಕಿ ತೆಗೆದಿಟ್ರೆ ಸಾಕು ಮೇಡಂ’ ಎಂದ. ಎಲ್ಲರೂ ನಕ್ಕರು. ನೀವು ಜೋರಾಗಿ ನಗಲಿಲ್ಲ, ಒಪ್ಪುತ್ತೇನೆ. ಮುಗುಳ್ನಕ್ಕಿರಿ.

ಆಮೇಲಿನದನ್ನು ನೆನೆದರೆ ನನಗೆ ಮೈ ಉರಿಯುತ್ತದೆ. ನಾನು ಮೊದಲು ಹುಡುಗಿಯರ ಬೋರ್ಡು ಹಾಕಿ ನೋಡೋಣ ಎಂದೆ. ಪ್ರಿನ್ಸಿಪಾಲ್ ಶಿವಯೋಗಿಯವರು, ‘ಶುಭ ಕೆಲ್ಸ ಐತ್ರೀ ಮೇಡಂ, ಮೊದ್ಲು ಒಂದು ದೇವ್ರು ಬರ್ಲಿ’ ಎಂದರು. ಕಂಪನಿಯವನು ಇದಕ್ಕೇ ಕಾದಿದ್ದ. ಅವನ ಲ್ಯಾಪ್‌ಟಾಪಿನಲ್ಲಿ ಊರೂರಿನ ದೇವರನ್ನು ಒಪ್ಪವಾಗಿ ಜೋಡಿಸಿಟ್ಟುಕೊಂಡಿದ್ದ, ಯಾವ ತಾಲ್ಲೂಕಿಗೆ ಹೋದರೆ ಯಾರು ಎಂದು. ನಮ್ಮೂರಿಗೆ ಇಲ್ಲಿಯ ಗುಡಿಯ ಹುಚ್ಚೂರಾಯ ಬಂದ. ತಾಮ್ರದ ಹಲಗೆಯ ಮೇಲೆ ಆಂಜನೇಯನ ಬಾಲದ ಕೂದಲು ಕೂದಲೂ ಎದ್ದುಬಂತು, ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ಇತ್ತು. ಪ್ರಿನ್ಸಿಪಾಲರು ಕಣ್ಣಿಗೊತ್ತಿಕೊಂಡರು. ಅಲ್ಲಿಗೆ ಮುಗಿಯಿತು ನನ್ನ ಕಥೆ. ಆಮೇಲೆ ಆ ಯಂತ್ರಕ್ಕೆ ಎದುರಾಡಿದರೆ ದೇವರಿಗೆ ಎದುರಾಡಿದ ಹಾಗೆ. ನಮ್ಮೆರಡೂ ಕಾಲೇಜು ನಡೆಸುವ ಆಡಳಿತ ಮಂಡಳಿಯ ಮುಕ್ತಾರ್ ಅಹಮದ್ ಸಾಹೇಬರು ತಮ್ಮ ಶಿರಾಳಕೊಪ್ಪದ ಹಾರ್ಡ್‌ವೇರ್ ಅಂಗಡಿಯ ಹೆಸರು ಕೆತ್ತಿಸಿಕೊಂಡರು. ಒಂದು ಬದಿಗೆ ಚಿತ್ರ ಕೆತ್ತುವುದಕ್ಕೂ ಎರಡು ಬದಿಯ ಬೋರ್ಡು ಮಾಡುವುದಕ್ಕೂ ಏನು ಸಂಬಂಧ ಎಂದು ಕೇಳಿದೆ. ಯಾರಿಗೂ ಕೇಳಿಸಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಕಲಿಸುವ ನಾವೇ ಹೀಗೆ.

ಇಷ್ಟಾದರೂ ನನಗೆ ಧೈರ್ಯವಿತ್ತು, ಯಾಕೆಂದರೆ ನೀವಿದ್ದಿರಿ. ಆ ಕೋಣೆಯಲ್ಲಿ ನನ್ನನ್ನು ಬಿಟ್ಟರೆ ಬೋರ್ಡಿನ ಹಿಂದು ಮುಂದು ತಿಳಿದವರು ನೀವೊಬ್ಬರೇ. ಗಾಜಿನ ಯಂತ್ರದಲ್ಲಿ ಕೊನೆಗೂ ಕೊರೆದ ನಮ್ಮ ಬೋರ್ಡನ್ನು ನೀವು ಕೈಯಲ್ಲಿ ಹಿಡಿದು, ತಿರುವಿ, ಕನ್ನಡಕ ಹಣೆಗೇರಿಸಿ ನೋಡಿದ್ದನ್ನು ನಾನು ನೋಡಿದೆ. ಮುಂದಿನಿಂದ ತೂತು ಅದರ ಸುತ್ತಲಿನ ತಾಮ್ರದ ಬಳೆಯ ನಡುವಿಗೇ ಇತ್ತು, ಹಿಂದೆ ಬಳೆಯನ್ನೇ ಕಡಿದುಕೊಂಡು ಹೋಗಿತ್ತು. ನಿಮಗದು ಕಂಡಿತು. ಕಂಡದ್ದು ನನಗೆ ಗೊತ್ತು. ನಿಮ್ಮ ಹುಬ್ಬು ನನಗೆ ಗೊತ್ತಿಲ್ಲವೇ? ಆಗಲೇ ಪ್ರಿನ್ಸಿಪಾಲರು ‘ಎಕ್ಸ್‌ಪರ್ಟ್ ಏನಂತೀರಿ ಸಾರ್?’ ಎಂದು ನಿಮ್ಮ ಕಡೆ ತಿರುಗಿದರು. ನೀವು ಬೋರ್ಡನ್ನು ಮೆಲ್ಲಗೆ ಮೇಜಿನ ಮೇಲೆ ಬೋರಲು ಮಾಡಿಟ್ಟು, ‘ಎರಡೂ ಚೆನ್ನಾಗೇ ಇದಾವೆ ಸಾರ್, ಸಮಿತಿ ಏನನ್ನುತ್ತೋ ಅದೇ ನನ್ನ ಅಭಿಪ್ರಾಯ’ ಎಂದಿರಿ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ಇಟ್ಟು, ಸಹಿಯನ್ನೂ ಹಾಕಿದಿರಿ.

ನಡಾವಳಿ ನನ್ನ ಮುಂದೆ ಬಂದಾಗ ಅದರಲ್ಲಿ ‘ಸರ್ವಾನುಮತದಿಂದ’ ಎಂದು ಆಗಲೇ ಬರೆದಿತ್ತು. ನಾನು ಸಹಿ ಹಾಕುವುದಿಲ್ಲ ಎಂದೆ. ಪ್ರಿನ್ಸಿಪಾಲರಿಗೆ ಸಿಟ್ಟೂ ಬರಲಿಲ್ಲ. ಬಂದಿದ್ದರೆ ಗೌರವ ಕೊಟ್ಟರು ಎಂದಾದರೂ ಅಂದುಕೊಳ್ಳುತ್ತಿದ್ದೆ. ನಕ್ಕು ಹೇಳಿದರು: ‘ಮನೆಯವ್ರೇ ಸೈ ಹಾಕ್ಯಾರಲ್ರೀ ಮೇಡಂ, ಮತ್ತೆ ನಿಮ್ದೇನೈತಿ? ಅದ್ರಾಗೇ ನಿಮ್ದೂ ಬಂತು.’

ಹದಿನಾರು ವರ್ಷದಿಂದ ಈ ಲ್ಯಾಬು ನೋಡಿಕೊಳ್ಳುತ್ತಿರುವವಳು ನಾನು. ಯಾವ ಮೇಜಿನ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ, ಯಾವ ಮೀಟರು ಸುಳ್ಳು ಹೇಳುತ್ತದೆ ಎಂದು ಕತ್ತಲಲ್ಲೂ ಹೇಳಬಲ್ಲೆ. ಆ ಯಂತ್ರದ ಮುಂದೆ ದಿನಾ ನಿಲ್ಲಬೇಕಾದವಳು ನಾನು, ಧೂಳು ಕುಡಿಯಬೇಕಾದವರು ನನ್ನ ಹುಡುಗಿಯರು. ನೀವು ಇನ್ನೊಂದು ಊರಿನಿಂದ ಬಂದ ಅತಿಥಿ. ನಿಮ್ಮ ಸಹಿಯೊಳಗೆ ನನ್ನದು ಹೇಗೆ ಬರುತ್ತದೆ? ಪಡಿತರ ಚೀಟಿಯೇ ಇದು? ನಿಮ್ಮನ್ನು ಸಮಿತಿಗೆ ಕರೆದದ್ದು ಯಾಕೆ ಎಂದು ನನಗೆ ಆಗ ಹೊಳೆಯಿತು. ನಾನು ಬಾಯಿ ಬಿಟ್ಟರೆ ಮುಚ್ಚುವುದಕ್ಕೆ ಒಂದು ಮುಚ್ಚಳ ಬೇಕಿತ್ತು. ಮುಚ್ಚಳ ಸೊರಬದಿಂದ ಬಸ್ಸಿನಲ್ಲಿ ಬಂತು. ಆ ಮಾತು ನಿಮ್ಮ ಕಿವಿಗೂ ಬಿತ್ತು. ನೀವು ಮಂಡಕ್ಕಿಯ ತಟ್ಟೆ ಹತ್ತಿರಕ್ಕೆ ಎಳೆದುಕೊಂಡಿರಿ.

ಎತ್ತುವುದಿಲ್ಲ ಎಂದ ಮಾತನ್ನು ಈಗ ಎತ್ತುತ್ತೇನೆ. ನಿಮ್ಮ ಅಕ್ಕ ಬಸಕ್ಕ ಪಕ್ಕದ ಮನೆಯಿಂದ ಬಂದು, ನಾನು ಕಾಲೇಜಿಗೆ ಹೋದ ಹೊತ್ತಿನಲ್ಲಿ, ನನ್ನ ಕೆಲಸದ ಮೇಜು, ಬೋರ್ಡುಗಳು, ಸಾಮಾನಿನ ಡಬ್ಬಗಳು ಎಲ್ಲವನ್ನೂ ಗುಜರಿಯವನಿಗೆ ಹಾಕಿಸಿದರಲ್ಲ, ‘ಕೆಟ್ಟ್ ಹೋದ ಸಾಮಾನು ಮನೇಲಿಟ್ಕಂಡ್ರೆ ಏಳಿಗೆ ಆಗಲ್ಲ ಕಣೇ’ ಎಂದು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನಂಬಿದ್ದನ್ನು ಅವರು ಮಾಡಿದರು. ನೀವು ಅಂಗಳದಲ್ಲಿ ನಿಂತು ನೋಡಿದಿರಿ. ಯಾವುದು ಕೆಟ್ಟದ್ದು ಯಾವುದು ಕೆಡದೇ ಇದ್ದದ್ದು ಎಂದು ನಿಮಗೆ ಗೊತ್ತಿತ್ತು. ಸಂಜೆ ನಾನು ಅತ್ತಾಗ ‘ಇರ್ಲಿ ಬಿಡು, ಹಳೇದು ತಾನೆ’ ಎಂದಿರಿ. ಊರವರೆಲ್ಲ ನಾನು ಬಸ್ಸಿನ ತ್ರಾಸಿಗೆ ರೂಮು ಮಾಡಿದೆ ಎಂದುಕೊಂಡಿದ್ದಾರೆ. ನಾನು ಮನೆ ಬಿಟ್ಟದ್ದು ಆ ‘ಇರ್ಲಿ ಬಿಡು’ಗೆ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುತ್ತಾರೆ. ನಮಗೆ ಕೂಸಿಲ್ಲ, ನನ್ನ ಲ್ಯಾಬು ಬಡವಾಯಿತು. ನನಗೆ ನಿಮ್ಮಿಂದ ಬೇಕಾದದ್ದು ಒಂದೇ ಉತ್ತರ. ಆ ಬೋರ್ಡನ್ನು ಯಾಕೆ ಬೋರಲು ಹಾಕಿದಿರಿ? ಕಾಗದದಲ್ಲಿ ಬರೆಯಿರಿ.

ಇತಿ,
ಯಶೋಧರಾ
ವಿಭಾಗದ ಮುಖ್ಯಸ್ಥೆ

ತಾ.ಕ.: ನಿಮ್ಮ ಬಿಳಿ ಶರಟಿನ ಕಾಲರು ಹಿಂದುಗಡೆ ಹರಿದಿದೆ. ಇದು ಯಂತ್ರದ ವಿಷಯವಲ್ಲ.


ಸೊರಬ
17 ನವೆಂಬರ್ 2024

ಯಶೂ,

ನಿನ್ನ ಪತ್ರ ಕಾಲೇಜಿನ ವಿಳಾಸಕ್ಕೆ ಬಂತು. ಮನೆಗೆ ತಂದು ಓದಿದೆ. ನೀನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ತೂತು ತಪ್ಪಿದ್ದು ನನಗೆ ಕಂಡಿತ್ತು. ಬೂದು ಬಣ್ಣದ್ದೇ ಒಳ್ಳೆಯ ಯಂತ್ರ. ಯಾರಾದರೂ ನನ್ನನ್ನು ಒಬ್ಬನೇ ಇದ್ದಾಗ ಕೇಳಿದ್ದರೆ ಅದನ್ನೇ ಹೇಳುತ್ತಿದ್ದೆ.

ನೀನು ಯಾಕೆ ಎಂದು ಕೇಳಿದ್ದೀಯ. ಸಭೆಯ ಬೆಳಗ್ಗೆ ನಾನು ಬಸ್ಸಿಳಿದು ಬಂದಾಗ ಶಿವಯೋಗಿಯವರು ನನ್ನನ್ನು ತಮ್ಮ ಕೋಣೆಗೆ ಕರೆದು ಚಹಾ ಕೊಟ್ಟರು. ನೀನು ಸೊರಬದ ಕಾಲೇಜಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದೀಯ ಎಂದರು. ನನಗೆ ನಂಬಲಾಗಲಿಲ್ಲ. ಅರ್ಜಿ ತೆಗೆದು ತೋರಿಸಿದರು. ಕಾರಣದ ಜಾಗದಲ್ಲಿ ‘ಪತಿಯೊಂದಿಗೆ ವಾಸಿಸಲು’ ಎಂದು ನೀನೇ ಬರೆದಿದ್ದೆ. ನಿನ್ನ ಅಕ್ಷರ. ನೀನು ನನಗೆ ಹೇಳಿರಲಿಲ್ಲ. ಅಲ್ಲೇ ನನ್ನ ಕಣ್ಣು ತುಂಬಿತು, ಅವರ ಮುಂದೆಯೇ. ‘ಇವತ್ತಿನ ಮೀಟಿಂಗ್ ಒಂದು ಸುಸೂತ್ರ ಮುಗೀಲಿ ಸಾರ್, ಮೇಡಮ್ಮೋರ್ದು ನಾಳೇನೇ ಮಂಡಳಿಗೆ ಕಳಿಸ್ತೀನಿ’ ಎಂದರು.

ಇಷ್ಟೇ ಯಶೂ. ಆಮೇಲೆ ಆ ಯಂತ್ರ ಯಾವುದೂ ನನ್ನ ತಲೆಗೆ ಹೋಗಲಿಲ್ಲ. ಬೋರ್ಡು ಕೈಯಲ್ಲಿ ಹಿಡಿದಿದ್ದೆ, ಆದರೆ ನೀನು ಇಲ್ಲಿ ಬಸ್ಸಿಳಿದು ಬರುವುದೇ ಕಣ್ಣಿಗೆ ಕಟ್ಟಿತ್ತು. ಹೇಗೂ ನೀನು ಇಲ್ಲಿಗೆ ಬರುವವಳು, ಅಲ್ಲಿ ಯಾವ ಯಂತ್ರ ಬಂದರೇನು ಎಂದುಕೊಂಡೆ. ಜಗಳ ಮಾಡಿ ಆ ಅರ್ಜಿ ಕೆಡಿಸುವುದು ಬೇಡ ಎನಿಸಿತು. ತಪ್ಪಾಗಿದ್ದರೆ ಕ್ಷಮಿಸು. ಒಳಕೋಣೆಯಲ್ಲಿ ನಿನಗೆ ಒಂದು ಮೇಜು ಮಾಡಿಸಿದ್ದೇನೆ, ತೇಗದ್ದು. ಅಕ್ಕನಿಗೂ ಹೇಳಿದ್ದೇನೆ, ಅದನ್ನು ಮುಟ್ಟಕೂಡದು ಎಂದು. ಬಾಯಿಬಿಟ್ಟೇ ಹೇಳಿದೆ.

ಬೇಗ ಬಾ.

ನಿನ್ನ
ಉದಯ

ತಾ.ಕ.: ಕಾಲರು ಹರಿದಿರುವುದು ನನಗೂ ಗೊತ್ತಿತ್ತು. ಬೇರೆಯವು ಒಗೆದಿರಲಿಲ್ಲ.


ಶಿಕಾರಿಪುರ
20 ನವೆಂಬರ್ 2024

ರೀ,

ನಿಮ್ಮ ಪತ್ರ ಓದಿ ಮೊದಲು ಅತ್ತೆ. ಆಮೇಲೆ ಸಿಟ್ಟು ಬಂತು. ಅತ್ತದ್ದು ಬೇಗ ಮುಗಿಯಿತು, ಸಿಟ್ಟು ಇನ್ನೂ ಇದೆ.

ಹೌದು, ಅರ್ಜಿ ಹಾಕಿದ್ದೆ. ನಿಮ್ಮಿಂದ ಮುಚ್ಚಿಟ್ಟಿದ್ದೂ ಹೌದು. ಸಿಟ್ಟು ಇಳಿದಿತ್ತು, ಒಬ್ಬಳೇ ಉಂಡು ಉಂಡು ಬೇಸತ್ತಿದ್ದೆ, ನಿಮ್ಮ ನೆನಪು ಬರುತ್ತಿತ್ತು. ಇನ್ನೇನು ಹೇಳಲಿ, ನಿಮ್ಮನ್ನು ಬಿಟ್ಟಿರಲು ನನ್ನಿಂದ ಆಗುತ್ತಿರಲಿಲ್ಲ. ಆರ್ಡರು ಕೈಗೆ ಬಂದ ದಿನ ಹೇಳದೆ ಕೇಳದೆ ಬಂದು ಬಾಗಿಲು ತಟ್ಟಬೇಕು ಎಂದಿದ್ದೆ. ಹೋಗುವ ಮುಂಚೆ ಲ್ಯಾಬಿಗೆ ಒಂದು ಸರಿಯಾದ ಯಂತ್ರ ತಂದಿಟ್ಟು, ಬೇರೆಯವರಿಗೆ ಕಲಿಸಿ, ನೆಮ್ಮದಿಯಿಂದ ಹೋಗಬೇಕು ಎಂದೂ ಇದ್ದೆ. ಹೋಗುವವಳಿಗೆ ಯಾವ ಯಂತ್ರವಾದರೇನು ಎಂದು ನೀವು ಹೇಗೆ ಬರೆದಿರಿ? ಶೃತಿ ಎಲ್ಲಿಗೂ ಹೋಗುವುದಿಲ್ಲ. ಅವಳ ಹಿಂದೆ ಬರುವ ಹುಡುಗಿಯರೂ ಹೋಗುವುದಿಲ್ಲ. ಮಗಳ ಮದುವೆ ಮಾಡಿ ಕಳಿಸುವವರು ಹೇಗೂ ಹೋಗುವವಳು ಎಂದು ಕುರುಡನಿಗೆ ಕೊಡುತ್ತಾರೆಯೇ?

ನಾನಾಗಿ ಬರಬೇಕೆಂದಿದ್ದೆ, ಉದಯ. ನನ್ನ ಕಾಲ ಮೇಲೆ ನಡೆದು. ಗಾಜಿನ ಯಂತ್ರ ಕೊಂಡವರಿಗೆ ಮೇಲೊಂದು ಉಚಿತ ಎಂಬಂತೆ ನನ್ನನ್ನು ಕೊಡುವುದಕ್ಕೆ ಅವರು ಯಾರು, ಕೈ ಚಾಚಿ ತೆಗೆದುಕೊಳ್ಳುವುದಕ್ಕೆ ನೀವು ಯಾರು? ಅರ್ಜಿ ನನ್ನದು. ಅದನ್ನು ನನ್ನನ್ನು ಕೇಳದೆ ನಿಮಗೆ ತೋರಿಸಿದರು. ನನ್ನ ಸಹಿ ಬೇಡವಾದ ಕಡೆ ನನ್ನ ಅರ್ಜಿ ಮಾತ್ರ ಬೇಕಾಯಿತು. ನೀವಿಬ್ಬರೂ ಚಹಾ ಕುಡಿಯುತ್ತ ನನ್ನ ಬಾಳನ್ನು ವಿಲೇವಾರಿ ಮಾಡಿದಿರಿ. ಅದೂ ಪ್ರೀತಿಯಿಂದ ಮಾಡಿದ್ದು ಎನ್ನುತ್ತೀರಿ. ಪ್ರೀತಿಯೇ, ನನಗೆ ಗೊತ್ತು. ಅದಕ್ಕೇ ಹೆಚ್ಚು ನೋವು.

ಮೊನ್ನೆ ಸೋಮವಾರ ಎರಡೂ ಬೋರ್ಡು ಬ್ಯಾಗಿಗೆ ಹಾಕಿಕೊಂಡು ಶಿರಾಳಕೊಪ್ಪಕ್ಕೆ ಹೋಗಿ ಮುಕ್ತಾರ್ ಸಾಹೇಬರ ಅಂಗಡಿಯಲ್ಲಿ ಇಳಿಸಿದೆ. ಸಭೆಯ ದಿನ ಬೂದು ಯಂತ್ರದಲ್ಲಿ ಮಾಡಿದ್ದು ಒಂದು, ಗಾಜಿನದರಲ್ಲಿ ಮಾಡಿದ್ದು ಒಂದು. ತಿರುವಿ ನೋಡಿ ಎಂದೆ. ತೂತು ತಪ್ಪಿದ್ದನ್ನು ಅವರು ಉಗುರಿನಿಂದ ಮುಟ್ಟಿ ನೋಡಿದರು. ‘ಅವತ್ತೇ ಯಾಕ್ ತೋರಿಸ್ಲಿಲ್ರೀ ಮೇಡಂ?’ ಎಂದರು. ತೋರಿಸಿದ್ದೆ, ನೀವು ನಿಮ್ಮ ಅಂಗಡಿಯ ಹೆಸರು ನೋಡುತ್ತಿದ್ದಿರಿ ಎಂದೆ. ಅವರಿಗೆ ನಾಚಿಕೆಯಾಯಿತು. ಆಮೇಲೆ ಹೇಳಿದ ಮಾತನ್ನು ನೀವು ಕೇಳಬೇಕು: ‘ನಂಗೇನ್ ತಿಳೀತದ್ರೀ ಇದ್ರಾಗೆ? ನಿಮ್ಮ ಮನೆಯವ್ರು ಕೈಯಾಗ್ ಹಿಡ್ದು ನೋಡಿ ಚೆನ್ನಾಗೈತಿ ಅಂದ್ರು. ತಿಳಿದವ್ರು ಅಂದ್ಮೇಲೆ ಮುಗೀತು ಅಂತ ನಾನೂ ಸೈ ಹಾಕ್ದೆ.’

ಅಂದರೆ ನಿಮ್ಮ ಸಹಿಯೊಳಗೆ ನನ್ನದು ಮಾತ್ರವಲ್ಲ, ಅವರದೂ ಸೇರಿತ್ತು. ನೀವು ಸುಮ್ಮನಿದ್ದೆ ಎಂದುಕೊಂಡಿದ್ದೀರಿ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ನೀವು ಸುಮ್ಮನಿದ್ದರೆ ಅದು ಸುಮ್ಮನಿದ್ದ ಹಾಗಾಗುವುದಿಲ್ಲ. ಎಲ್ಲರೂ ಅದನ್ನೇ ಹೌದು ಎಂದು ಎಣಿಸಿಕೊಂಡು ಮುಂದೆ ಹೋಗುತ್ತಾರೆ.

ಸಾಹೇಬರು ಅಲ್ಲಿಂದಲೇ ಪ್ರಿನ್ಸಿಪಾಲರಿಗೆ ಫೋನು ಹಚ್ಚಿ, ಸಭೆ ಮತ್ತೆ ಕರೆಯಬೇಕು, ಅಲ್ಲಿಯವರೆಗೆ ಆರ್ಡರು ಹೋಗಕೂಡದು ಎಂದರು. ಮಂಡಳಿಯವರ ಮಾತು, ಒಪ್ಪಿದ್ದಾರೆ. ಈ ತಿಂಗಳ ಕೊನೆಯ ಶನಿವಾರ ಬೆಳಗ್ಗೆ ಸಭೆ. ಸಮಿತಿಯಲ್ಲಿ ನಾವು ನಾಲ್ವರು. ಸಾಹೇಬರು ಮತ್ತು ನಾನು ಒಂದು ಕಡೆ, ಪ್ರಿನ್ಸಿಪಾಲರು ಇನ್ನೊಂದು ಕಡೆ. ನೀವು ಮತ್ತೆ ದೀಪವನ್ನು ಅಡ್ಡಗೋಡೆಯ ಮೇಲಿಟ್ಟರೆ ಅದನ್ನು ಅವರು ತಮ್ಮ ಕಡೆಗೇ ಎಣಿಸಿಕೊಳ್ಳುತ್ತಾರೆ, ಸಮಸಮವಾಗುತ್ತದೆ, ಅಧ್ಯಕ್ಷರೂ ಅವರೇ, ಅವರ ಮಾತು ನಡೆಯುತ್ತದೆ, ಹುಡುಗಿಯರಿಗೆ ಗಾಜಿನ ಪೆಟ್ಟಿಗೆಯೇ ಗತಿ. ನನ್ನ ಪರವಾಗಿ ಮಾತಾಡಿ ಎಂದು ಕೇಳುತ್ತಿಲ್ಲ. ಬೋರ್ಡನ್ನು ತಿರುವಿ ಹಿಡಿದು, ಕಂಡದ್ದನ್ನು, ಎಲ್ಲರೂ ಇರುವಾಗ, ಬಾಯಿಬಿಟ್ಟು ಹೇಳಿ. ಒಬ್ಬನೇ ಇದ್ದಾಗ ಕೇಳಿದ್ದರೆ ಹೇಳುತ್ತಿದ್ದೆ ಎಂದಿರಲ್ಲ, ಒಬ್ಬರೇ ಇದ್ದಾಗ ಗೋಡೆಯೂ ಸತ್ಯ ಹೇಳುತ್ತದೆ.

ಬಸಕ್ಕನಿಗೆ ಮೇಜು ಮುಟ್ಟಬೇಡ ಎಂದಿರಿ ಎಂದು ಓದಿದಾಗ ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಅಷ್ಟು ಬಂದಿದೆಯಲ್ಲ ಬಾಯಿ, ಇನ್ನು ಸ್ವಲ್ಪ ಬರಲಿ.

ಸಭೆಯಲ್ಲಿ ಸಿಗೋಣ.

ನಿಮ್ಮ
ಯಶೋಧರಾ

ತಾ.ಕ.: ನಿನ್ನೆ ನನ್ನ ವರ್ಗಾವಣೆ ಅರ್ಜಿಯನ್ನು ವಾಪಸು ತೆಗೆದುಕೊಂಡೆ. ಇನ್ನು ನಿಮಗೆ ತೋರಿಸಿ ಆಸೆ ಹಚ್ಚುವುದಕ್ಕೆ ಅವರ ಬಳಿ ಏನೂ ಇಲ್ಲ. ಇದರ ಜೊತೆ ಇನ್ನೊಂದು ಅರ್ಜಿ ಇಟ್ಟಿದ್ದೇನೆ, ಸೊರಬದಿಂದ ಶಿಕಾರಿಪುರಕ್ಕೆ ವರ್ಗ ಕೋರಿ, ನಿಮ್ಮ ಹೆಸರಿನಲ್ಲಿ. ಕಾರಣದ ಜಾಗದಲ್ಲಿ ‘ಪತ್ನಿಯೊಂದಿಗೆ ವಾಸಿಸಲು’ ಎಂದು ಬರೆದಿದ್ದೇನೆ. ಎಲ್ಲ ತುಂಬಿದೆ, ಸಹಿ ಮಾತ್ರ ಬಾಕಿ. ಅದನ್ನು ನೀವೇ ಹಾಕಬೇಕು. ಹೆಂಡತಿ ಹಾಕಿದರೆ ಗಂಡನದೂ ಅದರೊಳಗೇ ಬರುತ್ತದೆ ಎಂದು ಈ ಊರಿನಲ್ಲಿ ಇನ್ನೂ ಯಾರೂ ಹೇಳಿಲ್ಲ.